ಖುಲ್ಲಾ ಜಾಗದ ಐಬು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ‘ಆಕಿಗೆ ಬಿ.ಪಿ. ಬಂದಿಲ್ರಿ, ಬಿ.ಪಿ.ಗೇ ಆಕಿ ಬಂದಾಳ’ ಎಂದು ನನ್ನ ಗಂಡ ಪ್ರಭುಲಿಂಗ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಆದರೆ ಇಲ್ಲಿ ಹೇಳಹೊರಟ ಸಿಟ್ಟು ದಿನದ ಸಿಟ್ಟಲ್ಲ. ಇದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಬಾದಾಮಿಯ ನೋಂದಣಿ ಕಚೇರಿಯ ಎದುರು ಹದಿನಾರು ವರ್ಷದಿಂದ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಕಂಪ್ಯೂಟರು, ಒಂದು ಮಷೀನು, ಎರಡು ಕುರ್ಚಿ, ಮಂಗಗಳು ನುಗ್ಗದಂತೆ ಬಾಗಿಲಿಗೆ ಕಟ್ಟಿದ ಬಲೆ. ಜಾಗ ಮಾರುವವರು, ಕೊಳ್ಳುವವರು, ನಡುವೆ ನಿಂತು ತಿನ್ನುವವರು ಎಲ್ಲರೂ ಆ ಬಲೆ ಸರಿಸಿಯೇ ಒಳಗೆ ಬರಬೇಕು. ಐದಾರು ವರ್ಷದಿಂದ ಊರಿಗೆ ಹೊಸ ಹುಚ್ಚು ಹಿಡಿದಿದೆ. ಗುಹೆ ನೋಡಲು ಬಂದವರು ಕೆಂಪು ಗುಡ್ಡದ ಮುಂದೆ ಫೋಟೊ ತೆಗೆಸಿಕೊಂಡು, ಕೆರೆಯ ದಂಡೆಯ ಮೇಲೆ ಕೂತು ಗಾಳಿ ಕುಡಿದು, ಸಂಜೆಯಾಗುವುದರೊಳಗೆ ‘ಇಲ್ಲೊಂದು ಖುಲ್ಲಾ ಜಾಗ ಸಿಗುತ್ತದೆಯೇ’ ಎಂದು ಕೇಳುತ್ತಾರೆ. ಮನೆ ಕಟ್ಟುವುದಕ್ಕಲ್ಲ. ಕೊಂಡು ಇಡುವುದಕ್ಕೆ. ಐದು ವರ್ಷ ಬಿಟ್ಟು ಎರಡರಷ್ಟಕ್ಕೆ ಮಾರುವುದಕ್ಕೆ. ಕಲ್ಲು, ಕಸ, ಜಾಲಿಕಂಟಿ ಇರುವ ಜಾಗಕ್ಕೂ ಈಗ ಹೆಸರಿದೆ, ಗುಡ್ಡ ಕಾಣುತ್ತದೆ ಎಂಬುದೇ ಅದರ ಹೆಸರು.

ಹಾಗೆ ಕೊಂಡವರಲ್ಲಿ ಪಟ್ಟಣದವರೇ ಇದ್ದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ರೇಣವ್ವನಂಥವಳೂ ಕೊಂಡಳು.

ರೇಣವ್ವ ಕೆರೂರ ಹತ್ತಿರದ ಹಳ್ಳಿಯವಳು, ಕುರುಬರ ಮನೆಯವಳು. ವಯಸ್ಸು ಅರವತ್ತರ ಅಂಚು. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚದೆ ನೀರನ್ನೂ ಮುಟ್ಟುವುದಿಲ್ಲ. ಮದುವೆಯಾಗಿ ಬಂದಾಗ ಅವಳ ಅವ್ವ ಐದು ಹೆಣ್ಣು ಕುರಿಗಳನ್ನು ಜೊತೆಗೆ ಹೊಡೆದು ಕಳಿಸಿದ್ದಳು. ಅವರ ಮನೆತನದಲ್ಲಿ ಒಂದು ಪದ್ಧತಿ: ತವರಿನ ಕುರಿ ಹೆಣ್ಣಿನ ಸ್ವಂತ, ಅದರ ಮರಿಯೂ ಅವಳದೇ, ಮರಿಯ ಮರಿಯೂ ಅವಳದೇ. ಕಿವಿಗೆ ಬೇರೆ ಗುರುತು ಮಾಡಿ ಗಂಡನ ಹಿಂಡಿನಲ್ಲೇ ಮೇಯಿಸಿದರೂ ಲೆಕ್ಕ ಬೇರೆ. ಗಂಡ ಲಕ್ಷ್ಮಪ್ಪ ಸಾಧು ಮನುಷ್ಯ, ಹೆಂಡತಿಯ ಕುರಿಯ ವಿಷಯದಲ್ಲಿ ತುಟಿ ಬಿಚ್ಚಿದವನಲ್ಲ. ನಲವತ್ತು ವರ್ಷದಲ್ಲಿ ಆ ಐದು ತೊಂಬತ್ತಾಗಿದ್ದವು.

ಕೆರೂರ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವ, ಕೊಳ್ಳುವವ ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಗಂಡಸರದೇ ಕೆಲಸ. ಮೊದಲ ಸಲ ರೇಣವ್ವ ಟವೆಲ್ಲಿನ ಕೆಳಗೆ ಕೈ ಚಾಚಿದಾಗ ದಲಾಲಿ ಪಾಂಡಪ್ಪ ನಾಚಿ ಹಿಂದೆ ಸರಿದನಂತೆ. ‘ನನ್ನ ಕೈ ಹಿಡದಾಂವ ಅಲ್ಲಿ ಬೇವಿನ ಗಿಡದ ಕೆಳಗ ಬೀಡಿ ಸೇದಾಕತ್ತಾನ, ನೀ ಅಂಜಬ್ಯಾಡ, ರೇಟ್ ಹಿಡಿ’ ಎಂದಳಂತೆ ಇವಳು. ಸಂತೆಗೆ ಸಂತೆಯೇ ನಕ್ಕಿತು. ಅಂದಿನಿಂದ ಪಾಂಡಪ್ಪನಿಗೂ ಅವಳಿಗೂ ಮೂವತ್ತು ವರ್ಷದ ವ್ಯವಹಾರ.

ಆ ಸಂತೆಯ ಇನ್ನೊಂದು ರಿವಾಜು ಕೇಳಿ. ಕುರಿಗೆ ಐಬು, ಅಂದರೆ ದೋಷ, ಇದೆಯೇ ಎಂದು ಕೊಳ್ಳುವವನು ಮೂರು ಸಲ ಕೇಳುತ್ತಾನೆ. ಕೇಳದಿದ್ದರೆ ತಪ್ಪು ಅವನದು. ಮೂರು ಸಲ ಕೇಳಿದ ಮೇಲೂ ಮುಚ್ಚಿಟ್ಟಿದ್ದು ಗೊತ್ತಾದರೆ ಮಾರಿದವನು ಮುಂದಿನ ಸಂತೆಯಲ್ಲಿ ಆ ಕುರಿಯನ್ನು ತಿರುಗಿ ತೆಗೆದುಕೊಂಡು, ಹಣ ವಾಪಸು ಕೊಡಬೇಕು. ಕಾಗದವಿಲ್ಲ, ಸಹಿಯಿಲ್ಲ. ತಪ್ಪಿದವನ ಟವೆಲ್ಲಿನ ಕೆಳಗೆ ಆಮೇಲೆ ಯಾರೂ ಕೈ ಇಡುವುದಿಲ್ಲ.

ಎರಡು ವರ್ಷದ ಹಿಂದೆ ನೀಲಿ ನಾಲಿಗೆ ರೋಗ ಬಂತು. ಹನ್ನೆರಡು ದಿನದಲ್ಲಿ ರೇಣವ್ವನ ಇಪ್ಪತ್ತೆರಡು ಕುರಿ ಸತ್ತವು. ಅಂದೇ ಅವಳ ಮನಸ್ಸು ತಿರುಗಿತು. ಮಗಳು ಭಾಗ್ಯಾ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನರ್ಸು. ಅವ್ವ ತನಗೆ ಕೊಟ್ಟದ್ದನ್ನು ತಾನು ಮಗಳಿಗೆ ದಾಟಿಸಬೇಕು ಎಂಬುದೊಂದೇ ರೇಣವ್ವನ ಚಿಂತೆ. ನನ್ನ ಅಂಗಡಿಯ ಕುರ್ಚಿಯ ಮೇಲೆ ಕೂತು ಹೇಳಿದ ಮಾತು ನನಗೆ ಇನ್ನೂ ನೆನಪಿದೆ:

‘ಆಕಿಗೆ ಕುರಿ ಕೊಟ್ರ ಬಾಗಲಕೋಟ್ಯಾಗ ಎಲ್ಲಿ ಕಟ್ಟತಾಳವಾ? ಬಾಡಗಿ ಮನಿ ಮಾಳಗಿ ಮ್ಯಾಲ? ಜಾಗಾ ಕೊಡ್ತೇನಿ. ಕುರಿಗೆ ರೋಗ ಬರ್ತತಿ, ಮಣ್ಣಿಗೆ ಬರೂದಿಲ್ಲ.’

ಈ ಮಾತನ್ನು ಅವಳು ಪಾಂಡಪ್ಪನ ಮುಂದೆಯೂ ಆಡಿದ್ದಳು. ಪಾಂಡಪ್ಪನ ಮಗ ಮುತ್ತುರಾಜ ಬಾದಾಮಿಯಲ್ಲಿ ಜಾಗದ ದಲಾಲಿ. ಕುರಿಯ ದಲಾಲಿಯ ಮಗ ಜಾಗದ ದಲಾಲಿಯಾಗಿದ್ದಾನೆ, ಇಷ್ಟೇ ವ್ಯತ್ಯಾಸ ಎಂದುಕೊಂಡಳು ನಮ್ಮ ರೇಣವ್ವ. ಕುರಿ ಕಾಯಲು ತೋಳನನ್ನು ಕಳಿಸಿದ ಹಾಗಾಯಿತು.

ಅವನು ತೋರಿಸಿದ್ದು ಗುಡ್ಡದ ಬುಡದಲ್ಲಿ, ಒಂದು ಹಳೆಯ ಕಲ್ಲುಗುಡಿಯ ಪಕ್ಕದಲ್ಲಿದ್ದ ಮೂವತ್ತು–ನಲವತ್ತರ ಜಾಗ. ಅದು ಮುತ್ತುರಾಜನದೇ, ಯಾರಿಂದಲೋ ಕಡಿಮೆ ಬೆಲೆಗೆ ಹೊಡೆದುಕೊಂಡಿದ್ದ. ರೇಣವ್ವ ಕುರಿ ನೋಡಿದ ಹಾಗೆಯೇ ಜಾಗ ನೋಡಿದಳು. ಮಣ್ಣು ಮೂಸಿದಳು. ಮಳೆಯ ನೀರು ಯಾವ ಕಡೆ ಹರಿಯುತ್ತದೆ ಎಂದು ಕಾಲಿಂದ ಗೀರಿ ನೋಡಿದಳು. ನಾಲ್ಕೂ ಮೂಲೆಗೆ ನಿಂತು ಗಾಳಿ ನೋಡಿದಳು. ಕೊನೆಗೆ ಭಂಡಾರದ ಹಣೆಯ ಆ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದಳು:

‘ತಮ್ಮಾ, ಇದಕ್ಕ ಐಬು ಐತೇನು?’

‘ಏನೂ ಇಲ್ಲ ದೊಡ್ಡವ್ವಾ.’

‘ಐಬು ಐತೇನು?’

‘ಇಲ್ಲಬೇ.’

‘ಮೂರನೇದು ಕೇಳಾಕತ್ತೇನಿ ನೋಡು. ಐಬು?’

‘ಬೀರಪ್ಪನಾಣಿ ಇಲ್ಲ. ಗುಡಿ ಬಾಜೂಕ ಐತಿ, ಅದಕ್ಕ ರೇಟ್ ಜಾಸ್ತಿ. ಇನ್ನೈದು ವರ್ಷಕ್ಕ ಎರಡು ಪಟ್ಟು.’

ಅವಳು ಅಲ್ಲೇ ಸೆರಗಿನ ಕೆಳಗೆ ಅವನ ಬೆರಳು ಹಿಡಿದು ಬೆಲೆ ಮುಗಿಸಿದಳು. ಎಂಟು ಲಕ್ಷ. ಉಳಿದ ಅರವತ್ತೆಂಟು ಕುರಿಯಲ್ಲಿ ತವರಿನ ಹೆಸರಿಗೆ ಎಂದು ಒಂದನ್ನು ಬಿಟ್ಟು ಎಲ್ಲವನ್ನೂ ಮಾರಿದಳು.

ಈಗ ನನ್ನ ಪಾಪಕ್ಕೆ ಬರುತ್ತೇನೆ.

ಖರೀದಿ ಪತ್ರ ಟೈಪ್ ಮಾಡಿದ್ದು ನಾನು. ಪತ್ರದಲ್ಲಿ ಚಕಬಂದಿ ಎಂದು ಬರೆಯುತ್ತೇವೆ, ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಹಿಂದಿನ ಕಾಗದದಲ್ಲಿ ಪೂರ್ವಕ್ಕೆ ‘ಸಂರಕ್ಷಿತ ಸ್ಮಾರಕ’ ಎಂದಿತ್ತು. ಆ ಗುಡಿ ಸರಕಾರದ ಕಾಪಿನಲ್ಲಿರುವ ಗುಡಿ. ಅಂಥದ್ದರ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಇದು ನಮ್ಮೂರ ಟೈಪಿಸ್ಟರಿಗೆಲ್ಲ ಗೊತ್ತು. ಮಾರಬಹುದು, ಕೊಳ್ಳಬಹುದು, ತೆರಿಗೆ ಕಟ್ಟಬಹುದು. ಗೋಡೆ ಮಾತ್ರ ಏಳುವುದಿಲ್ಲ. ಕಟ್ಟಲು ಬಾರದ ಜಾಗವನ್ನು ಯಾವ ಜಾಣ ಎರಡು ಪಟ್ಟು ಕೊಟ್ಟು ಕೊಳ್ಳುತ್ತಾನೆ?

ಮುತ್ತುರಾಜ ನನ್ನ ಹಿಂದೆ ನಿಂತು ಪರದೆಯ ಮೇಲೆ ಬೆರಳಿಟ್ಟ. ‘ಅಕ್ಕಾರ, ಇಲ್ಲಿ ಸ್ಮಾರಕ ಗೀರಕ ಬ್ಯಾಡ. ಸರಕಾರಿ ಖುಲ್ಲಾ ಜಾಗ ಅಂತ ಹೊಡೀರಿ.’

‘ಯಾಕಪಾ? ಹಿಂದಿನ ಕಾಗದದಾಗ ಐತಲ್ಲ.’

‘ಕಟ್ಟಾಕ ಬರೂದಿಲ್ಲ ಅಂತ ಗೊತ್ತಾದ್ರ ಮುದಿಕಿ ಎದ್ದು ಹೋಗ್ತಾಳ. ಕಟ್ಟಾಕ ಬರದಿದ್ರ ಏನಾತ್ರಿ, ನೋಡಾಕ ಬರ್ತತಲ್ಲ’ ಎಂದು ಮೆಲ್ಲಗೆ ಹೇಳಿ ನಕ್ಕ.

ರೇಣವ್ವ ಹೊರಗೆ ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತ ಕೂತಿದ್ದಳು. ಎಂಟು ಹೆಜ್ಜೆ ದೂರ. ನಾನು ಎದ್ದು ಹೋಗಿ ಹೇಳಬಹುದಿತ್ತು. ತಿಂಗಳಿಗೆ ಹತ್ತು ಪತ್ರ ತರುವ ಗಿರಾಕಿ ಇವನು ಎಂದು ತಲೆಯಲ್ಲಿ ಬಂತು. ಹೊಡೆದೆ. ಸಹಿಯ ಮುಂಚೆ ನ್ಯಾಯವಂತೆಯ ಹಾಗೆ ‘ರೇಣಕ್ಕ, ಓದಿ ಹೇಳ್ಲಿ?’ ಎಂದೆ. ‘ಮಾತು ಆಗೇತಿ ಬಿಡವಾ. ಕಾಗದ ಸರಕಾರಕ್ಕ, ಮಾತು ನಮಗ’ ಎಂದು ಹೆಬ್ಬೆಟ್ಟು ಒತ್ತಿದಳು. ನಾನು ಕೇಳಿದ್ದೆ, ಅವಳೇ ಬೇಡವೆಂದಳು ಎಂದು ನನಗೆ ನಾನೇ ಹೇಳಿಕೊಂಡು ರಾತ್ರಿ ನಿದ್ದೆ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಅದಕ್ಕೇ ಹೇಸಿಗೆ.

ಎಂಟು ತಿಂಗಳಾದ ಮೇಲೆ ಭಾಗ್ಯಾಳಿಗೆ ತೋರಿಸುವ ಮೊದಲು ಸುತ್ತ ಒಂದು ಸಣ್ಣ ಆವಾರದ ಗೋಡೆ ಕಟ್ಟಿಸೋಣವೆಂದು ರೇಣವ್ವ ಒಂದು ಟ್ರ್ಯಾಕ್ಟರ್ ಕಲ್ಲು ಇಳಿಸಿದಳು. ಅಫ್ಸರ ಎಂಬ ಹೆಸರಿನ ಗುಡಿಯ ಕಾವಲುಗಾರ ಓಡಿಬಂದ. ಒಳ್ಳೆಯ ಮನುಷ್ಯ, ಗದರಲಿಲ್ಲ.

‘ಅವ್ವಾ, ಇಲ್ಲಿ ಕಲ್ಲಿನ ಮ್ಯಾಲ ಕಲ್ಲು ಇಡಾಕ ಬರೂದಿಲ್ರಿ. ನನ್ನ ನೌಕರಿ ಹೋಗ್ತತಿ, ನಿಮ್ಮ ಮ್ಯಾಲ ಕೇಸ್ ಆಗ್ತತಿ.’

‘ಯಾವತ್ತ ಬರ್ತತಿ?’

‘ಯಾವತ್ತೂ ಇಲ್ರಿ.’

ಅವಳು ಅವನನ್ನು ಬೈಯಲಿಲ್ಲ. ಕಲ್ಲಿನ ಗುಂಪಿಯ ಮೇಲೆ ಕೂತು ಬಹಳ ಹೊತ್ತು ಗುಡಿ ನೋಡಿದಳಂತೆ. ‘ಈ ಗುಡಿ ಬಾಜೂಕ ಐತಿ ಅಂತಲೇ ಹೆಚ್ಚಿಗಿ ಕೊಟ್ಟೇನಲ್ಲೋ ತಮ್ಮಾ’ ಎಂದು ಅಫ್ಸರನಿಗೆ ಹೇಳಿದಳಂತೆ. ಯಾವುದು ಐಬೋ ಅದಕ್ಕೇ ಬೆಲೆ ಕಟ್ಟಿ ಮಾರಿದ್ದ ಆ ಹಲಕಟ್.

ಮುಂದಿನ ಸಂತೆಗೆ ಅವಳು ಕೆರೂರಿಗೆ ಹೋದಳು. ಎಲ್ಲರೆದುರು ಪಾಂಡಪ್ಪನಿಗೆ, ‘ನಿನ್ನ ಮಗಗ ಮೂರು ಸಲ ಕೇಳೇನಿ. ಮೂರು ಸಲ ಇಲ್ಲ ಅಂದಾನ. ಜಾಗಾ ತಿರುಗಿ ತಗೋ, ರೊಕ್ಕ ಇಡು’ ಎಂದಳು. ಮೂವತ್ತು ವರ್ಷ ಅವಳ ಬೆರಳು ಹಿಡಿದು ವ್ಯಾಪಾರ ಮಾಡಿದ ಮನುಷ್ಯ ಏನೆಂದ ಗೊತ್ತೇ? ‘ರೇಣವ್ವಾ, ಕುರಿ ರಿವಾಜು ಕುರಿಗೆ, ಜಾಗದ ರಿವಾಜು ಜಾಗಕ್ಕ. ಕಾಗದದಾಗ ಐಬು ಅನ್ನೂ ಶಬ್ದ ಎಲ್ಲೈತಿ ತೋರಸು’ ಎಂದ. ಸುತ್ತ ನಿಂತವರು ನೆಲ ನೋಡಿದರು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ! ಇದನ್ನು ಅವಳೇ ಬಂದು ನನಗೆ ಹೇಳಿದಳು. ಹಣಕ್ಕಿಂತ ಪಾಂಡಪ್ಪನ ಮಾತು ಅವಳನ್ನು ಹೆಚ್ಚು ಕೊಂದಿತ್ತು.

ವಕೀಲರೊಬ್ಬರು ಕಾಗದ ಓದಿ ಹೇಳಿದರಂತೆ: ಪತ್ರ ಕಾನೂನಿನ ಪ್ರಕಾರ ಸರಿಯಾಗಿದೆ. ಆದರೆ ಕಟ್ಟಲು ಬಾರದು ಎಂದು ಮಾರುವಾಗಲೇ ಅವನಿಗೆ ಗೊತ್ತಿತ್ತು, ಬೇಕೆಂದೇ ಮುಚ್ಚಿಟ್ಟ ಎಂದು ಹೇಳುವ ಸಾಕ್ಷಿ ಸಿಕ್ಕರೆ ಮೋಸದ ದೂರು ನಿಲ್ಲುತ್ತದೆ, ಹಣ ತಿರುಗಿ ಬರುವ ದಾರಿಯೂ ಇದೆ.

‘ಅಂಥಾ ಸಾಕ್ಷಿ ಎಲ್ಲಿಂದ ತರ್ಲಿ ಯವ್ವಾ? ಆವತ್ತ ನಾನು, ಅಂವ ಇಬ್ಬರ ಇದ್ವಿ’ ಎಂದಳು ನನ್ನ ಎದುರು ಕೂತು. ನಾನು ಝೆರಾಕ್ಸ್ ಮಷೀನಿನ ಮುಚ್ಚಳ ತೆಗೆದು, ಏನೂ ಕೆಡದ ಅದನ್ನು ರಿಪೇರಿ ಮಾಡಲು ಬಾಗಿದೆ. ‘ಚಾ ತರಸ್ಲಿ ರೇಣಕ್ಕ?’ ಎಂದೆ. ಚಹಾ ಕುಡಿದು ಹೋದಳು. ಅದಾದ ಮೇಲೆ ಮೂರು ಸಲ ಬಂದಳು, ಮೂರು ಸಲವೂ ಚಹಾ ಕುಡಿಸಿದೆ.

ಊರಲ್ಲಿ ಗುಸುಗುಸು ಶುರುವಾದಾಗ ಮುತ್ತುರಾಜ ತಾನೇ ಅವಳನ್ನು ಹುಡುಕಿಕೊಂಡು ಹೋದ. ‘ದೊಡ್ಡವ್ವಾ, ಯಾಕ ಊರಾಗ ನನ್ನ ಮಾನ ಕಳೀತಿ? ಇಳಕಲ್ಲಿನ ಗಿರಾಕಿ ಬಂದಾರ. ಒಂಬತ್ತು ಲಕ್ಷಕ್ಕ ಒಪ್ಪಿಸೇನಿ. ನಿನ್ನ ಎಂಟು ನಿನಗ, ಮ್ಯಾಲಿಂದು ನನ್ನ ದಲಾಲಿ. ನೀ ಸುಳ್ಳು ಹೇಳೂದೂ ಬ್ಯಾಡ. ಸುಮ್ಮ ಕುಂದರು, ಸಾಕು.’

ರೇಣವ್ವ ಹೂಂ ಅಂದಳು. ಅವಳ ಜಾಗದಲ್ಲಿ ಯಾರಿದ್ದರೂ ಅನ್ನುತ್ತಿದ್ದರು. ಅವಳದ್ದು ನಲವತ್ತು ವರ್ಷದ ಗಳಿಕೆ.

ಇಳಕಲ್ಲಿನ ಗಿರಾಕಿ ಎಂದರೆ ಗೌಸಿಯಾ, ಮೂವತ್ತೈದರ ಹೆಂಗಸು. ಗಂಡ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡು ಈಗ ಮನೆಯಲ್ಲಿದ್ದಾನೆ. ಅವಳು ಮದುವೆಯಾದಾಗಿನಿಂದ ಸೀರೆಯ ಮಗ್ಗಕ್ಕೆ ನೂಲು ಸುತ್ತಿ, ಚೀಟಿ ಹಾಕಿ, ಬಂಗಾರ ಮಾರಿ ಹಣ ಕೂಡಿಸಿದ್ದಾಳೆ. ಪ್ರವಾಸಿಗರ ಊರು, ಒಂದು ಸಣ್ಣ ಸೀರೆ ಅಂಗಡಿ ಕಟ್ಟಿಸಿದರೆ ಗಂಡ ಕೂತು ನೋಡಿಕೊಳ್ಳುತ್ತಾನೆ ಎಂದು ಅವಳ ಲೆಕ್ಕ. ಇಷ್ಟನ್ನೂ ಬಲೆ ಸರಿಸಿ ಒಳಗೆ ಬಂದ ಹತ್ತು ನಿಮಿಷದಲ್ಲಿ ನಗುನಗುತ್ತ ಹೇಳಿದಳು.

ಮತ್ತೆ ನಾನೇ ಟೈಪಿಗೆ ಕೂತಿದ್ದೆ. ಅದೇ ಚಕಬಂದಿ. ಪೂರ್ವಕ್ಕೆ ಸರಕಾರಿ ಖುಲ್ಲಾ ಜಾಗ. ಈ ಬೆರಳುಗಳಿಗೆ ಹುಳ ಬೀಳಲಿಲ್ಲವಲ್ಲ ಎಂದು ಈಗ ಅನಿಸುತ್ತದೆ. ಮುತ್ತುರಾಜ ಫೋನು ಬಂತೆಂದು ಹೊರಗೆ ಹೋದ. ರೇಣವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು, ಬಾಯಿ ಬಿಗಿದಿತ್ತು. ಗೌಸಿಯಾ ಅವಳ ಪಕ್ಕಕ್ಕೆ ಸರಿದು ಕೂತಳು.

‘ಅಕ್ಕಾ, ನಂದು ಓದು ಬರಹ ಅಷ್ಟಕ್ಕಷ್ಟ. ನಿಮ್ಮ ಬಾಯಿಲೆ ಕೇಳ್ತೇನಿ. ಜಾಗಾ ಛಲೋ ಐತಲ್ರಿ? ಕಟ್ಟಾಕ ಏನೂ ಅಡಚಣಿ ಇಲ್ಲಲ್ರಿ?’

ರೇಣವ್ವ ಕಣ್ಣು ತೆರೆಯಲಿಲ್ಲ. ನಾನು ಕೀಲಿಮಣೆಯ ಮೇಲೆ ಕೈ ನಿಲ್ಲಿಸಿದೆ. ಖರೆ ಹೇಳುತ್ತೇನೆ, ಸುಮ್ಮನಿರು ರೇಣಕ್ಕ, ಸುಮ್ಮನಿದ್ದುಬಿಡು ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಅವಳ ಹಣ ಅವಳಿಗೆ ಬಂದರೆ ನನ್ನ ಪಾಪವೂ ತೊಳೆದುಹೋದಂತೆ ಎಂದು ಲೆಕ್ಕ ಹಾಕಿದ್ದೆ. ಪಾಪ ತೊಳೆಯಲು ಇಳಕಲ್ಲಿನಿಂದ ಒಬ್ಬಳು ಬಂದಿದ್ದಳಲ್ಲ!

‘ಯಾಕಕ್ಕಾ, ಆರಾಮ ಇಲ್ಲೇನ್ರಿ?’ ಎಂದಳು ಗೌಸಿಯಾ, ಅವಳ ಮೊಣಕಾಲು ಮುಟ್ಟಿ.

‘ಐಬು ಐತಿ ತಂಗಿ’ ಎಂದಳು ರೇಣವ್ವ.

‘ಆಂ?’

‘ಐಬು ಐತಿ. ಅಲ್ಲಿ ಯಾವತ್ತೂ ಏನೂ ಕಟ್ಟಾಕ ಬರೂದಿಲ್ಲ. ಗುಡಿ ಸರಕಾರದ್ದು. ನನಗ ಮೋಸ ಆಗೇತಿ. ಅದನ್ನ ನಿನ್ನ ಕೊಳ್ಳಾಗ ಕಟ್ಟಾಕ ಇಲ್ಲಿ ಬಂದು ಕುಂತಿದ್ದೆ. ಕೇಳಿದಿ, ಹೇಳೇನಿ. ಎದ್ದು ಹೋಗು.’

ಗೌಸಿಯಾ ಎದೆಗೆ ಅವಚಿಕೊಂಡಿದ್ದ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದಳು. ರೇಣವ್ವನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೊರಗೆ ನಡೆದಳು. ಮುತ್ತುರಾಜ ‘ಏನಾತ್ರಿ, ಏನಾತ್ರಿ’ ಎನ್ನುತ್ತ ಬಸ್ ಸ್ಟ್ಯಾಂಡಿನ ದಾರಿಯವರೆಗೆ ಅವಳ ಹಿಂದೆ ಹೋಗಿ, ತಿರುಗಿ ಬಂದು ಬಾಗಿಲಲ್ಲಿ ನಿಂತು ಕೂಗಿದ:

‘ಮುದಿಕಿ, ನಿನ್ನ ಕಾಲ ಮ್ಯಾಲ ನೀನ ಕಲ್ಲು ಹಾಕ್ಕೊಂಡಿ! ಇನ್ನ ಒಂದು ಪೈಸಾ ಸಿಗೂದಿಲ್ಲ ನಿನಗ!’

‘ಕಾಲು ನಂದು, ಹಾಕ್ಕೊಂಡೇನಿ. ಮಂದಿ ಕಾಲ ಮ್ಯಾಲ ಹಾಕಿಲ್ಲ’ ಎಂದಳು. ಅವನು ಬೈಯುತ್ತ ರಸ್ತೆಯಾಚೆ ತನ್ನ ಬೈಕಿನ ಹತ್ತಿರ ಹೋಗಿ, ಉಳಿದ ದಲಾಲಿಗಳ ಜೊತೆ ನಿಂತ. ಆಗ ಅವಳು ಅತ್ತಳು. ಸೆರಗು ಬಾಯಿಗೆ ತುರುಕಿಕೊಂಡು, ‘ಭಾಗ್ಯಾ, ನಿಂದು ಕಳದ್ನೆವಾ, ನಮ್ಮವ್ವನ ಕುರಿ ಕಳದ್ನೆವಾ’ ಎಂದು ಅತ್ತಳು.

ಓದು ಬಾರದ ಹೆಂಗಸು, ಇದ್ದುದೆಲ್ಲ ಹೋಗುತ್ತದೆ ಎಂದು ಗೊತ್ತಿದ್ದೂ, ಗುರುತಿಲ್ಲದವಳಿಗೆ ನಾಲ್ಕು ಮಾತು ಹೇಳಿದಳು. ನಾನು? ಎರಡು ಡಿಗ್ರಿಯ ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕಿಕೊಂಡು ಹತ್ತು ಪತ್ರದ ಗಿರಾಕಿಗೆ ಬಾಯಿ ಹೊಲಿದುಕೊಂಡವಳು. ಎದ್ದೆ.

‘ರೇಣಕ್ಕ, ನಿನಗ ಸಾಕ್ಷಿ ಬೇಕಲ್ಲ. ನಾ ಅದೇನಿ.’

ಅವಳು ತಲೆ ಎತ್ತಿದಳು. ಚಕಬಂದಿಯಲ್ಲಿ ಮೊದಲು ಏನಿತ್ತು, ಅವನು ಏನು ಹೊಡೆಯಲು ಹೇಳಿದ, ಏನೆಂದು ನಕ್ಕ, ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಅಪ್ಪಿಕೊಳ್ಳುತ್ತಾಳೆ, ಕಡೆಗೆ ‘ಹೋಗ್ಲಿ ಬಿಡು’ ಎನ್ನುತ್ತಾಳೆ ಎಂದು ಎಲ್ಲೋ ಒಂದು ಆಸೆ ಇತ್ತು ನನಗೆ.

‘ಥೂ ನಿನ್ನ’ ಎಂದಳು. ‘ಆವತ್ತ ಹೊರಗ ಕಟ್ಟಿ ಮ್ಯಾಲ ಕುಂತಿದ್ನೆಲ್ಲ. ಒಂದು ಕೂಗು ಕೂಗಿದ್ರ ಆಕ್ಕಿತ್ತು. ಆಮ್ಯಾಲೂ ಬಂದೆ, ಸಾಕ್ಷಿ ಇಲ್ಲ ಅಂತ ನಿನ್ನ ಮುಂದ ಅತ್ತೆ. ಚಾ ಕುಡಿಸಿದಿ! ನನಗ ಚಾ ಬೇಕಾಗಿತ್ತೇನು?’

ಕಣ್ಣು ಒರೆಸಿಕೊಂಡು ಅವಳೇ ಕುರ್ಚಿ ಎಳೆದು ಪರದೆಯ ಎದುರು ಹಾಕಿದಳು. ‘ಬರಿ’ ಎಂದಳು.

ಪೊಲೀಸರಿಗೆ ದೂರು, ಜೊತೆಗೆ ನನ್ನ ಹೇಳಿಕೆ. ಬರೆಯುತ್ತ ಎರಡು ಸಲ ಕೈ ನಿಂತಿತು. ನಾಳೆಯಿಂದ ಒಬ್ಬ ದಲಾಲಿಯೂ ಈ ಬಲೆ ಸರಿಸಿ ಒಳಗೆ ಬರುವುದಿಲ್ಲ, ಪ್ರಭುಲಿಂಗನೊಬ್ಬನ ಸಂಬಳದಲ್ಲಿ ಮನೆ ನಡೆಯಬೇಕು, ಪೊಲೀಸರು ನನ್ನನ್ನೂ ಕೇಳದೆ ಬಿಡುವುದಿಲ್ಲ. ಮುಗಿಸಿ ಸಹಿ ಹಾಕಿದೆ. ಅವಳ ಮುಂದೆ ಹಿಡಿದಾಗ ಹೆಬ್ಬೆಟ್ಟು ಮುಂದೆ ಮಾಡಲಿಲ್ಲ.

‘ಈ ಸಲ ಓದಿ ಹೇಳು.’

ಓದಿದೆ. ಜಾಗದ ವಿವರ, ತಾರೀಖು, ಮುತ್ತುರಾಜನ ಮಾತು. ಕೊನೆಯ ಸಾಲಿಗೆ ಬಂದಾಗ ದನಿ ತಾನಾಗಿಯೇ ಸಣ್ಣದಾಯಿತು: ‘ಸದರಿ ಜಾಗದಲ್ಲಿ ಕಟ್ಟಡ ಕಟ್ಟಲು ಬರುವುದಿಲ್ಲವೆಂಬುದು ಪತ್ರ ಟೈಪ್ ಮಾಡಿದ ನನಗೂ ಅಂದೇ ಗೊತ್ತಿತ್ತು. ಹಣದ ಆಸೆಗೆ ನಾನು ಹೇಳಲಿಲ್ಲ.’

ರಸ್ತೆಯಾಚೆ ದಲಾಲಿಗಳು ಮಾತು ನಿಲ್ಲಿಸಿ ಇತ್ತ ನೋಡುತ್ತಿದ್ದರು. ರೇಣವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು.

‘ಆ ಕಡೀ ಸಾಲು ಇನ್ನೊಮ್ಮೆ ಓದು’ ಎಂದಳು. ‘ಎಲ್ಲಾರಿಗೂ ಕೇಳೂ ಹಂಗ ಓದು.’

ನಾನು ಎದ್ದು ಬಾಗಿಲಿಗೆ ಬಂದು, ರಸ್ತೆಯ ಕಡೆ ಮುಖ ಮಾಡಿ ಓದಿದೆ.